ತಡವಾಗಿ ಬಂದ ಮಾತು

ಉರ್ದು ಶಾಲೆಯಲ್ಲಿ ಓದಿದವರಿಗೆ ಕೋರ್ಟು ಕಚೇರಿಯ ಕನ್ನಡದಲ್ಲಿ ಹಳೆಯ ಪರಿಚಯಸ್ಥರು ಬಹಳ ಮಂದಿ ಸಿಗುತ್ತಾರೆ. ದಾವೆ, ವಕೀಲ, ಮುದ್ದತ್ತು, ಫೈಸಲು, ಅಸಲು, ನಕಲು. ಇವರಲ್ಲಿ ಕೆಲವರು ಊರು ಬಿಟ್ಟು ಬಂದ ಮೇಲೆ ಸ್ವಭಾವ ಬದಲಾಯಿಸಿಕೊಂಡಿದ್ದಾರೆ. ಉರ್ದುವಿನಲ್ಲಿ ‘ವಾದಾ’ ಎಂದರೆ ಕೊಟ್ಟ ಮಾತು. ಕನ್ನಡದ ಕೋರ್ಟಿನಲ್ಲಿ ‘ವಾಯಿದೆ’ ಎಂದರೆ ಮುಂದಕ್ಕೆ ಹೋದ ದಿನಾಂಕ. ‘ಕೈಫಿಯತ್’ ಅಲ್ಲಿ ಮನಸ್ಸಿನ ಸ್ಥಿತಿ. ಇಲ್ಲಿ ‘ಕೈಫಿಯತ್ತು’ ಪ್ರತಿವಾದಿ ಬರೆದುಕೊಡುವ ಜವಾಬು. ಒಂದು ಪದ ಮಾತ್ರ ಗಡಿ ದಾಟಿ ಬರಲಿಲ್ಲ: ‘ತರ್ಮೀಮ್’. ಅರಬ್ಬಿಯಲ್ಲಿ ಅದು ಶಿಥಿಲವಾದ ಕಟ್ಟಡದ ದುರಸ್ತಿ, ಉರ್ದುವಿನಲ್ಲಿ ಕಾನೂನಿಗೋ ಅರ್ಜಿಗೋ ಮಾಡುವ ಬದಲಾವಣೆ. ಆ ಜಾಗದಲ್ಲಿ ಕನ್ನಡ ತನ್ನದೇ ‘ತಿದ್ದುಪಡಿ’ಯನ್ನು ಇಟ್ಟುಕೊಂಡಿತು. ಮಗು ಮರಳಿನ ಮೇಲೆ ಅಕ್ಷರ ತಿದ್ದುತ್ತದಲ್ಲ, ಅದೇ ತಿದ್ದು. ಒಂದು ಪದದಲ್ಲಿ ಬಿರುಕು ಬಿಟ್ಟ ಗೋಡೆ ಇದೆ, ಇನ್ನೊಂದರಲ್ಲಿ ಮಗುವಿನ ಬೆರಳು.

ವ್ಯಾಪಾರದಲ್ಲಿ ಸುಳ್ಳನ್ನು ನಂಬಿ ನಷ್ಟವಾಯಿತೆಂದು ಕೋರ್ಟಿಗೆ ಹೋದವನೊಬ್ಬ, ದಾವೆ ಅರ್ಧ ದಾರಿ ಸಾಗಿದ ಮೇಲೆ, ಮೊದಲ ದಿನ ಹೇಳದೇ ಇದ್ದ ಆಪಾದನೆಯೊಂದನ್ನು ವಾದಪತ್ರಕ್ಕೆ ಸೇರಿಸುತ್ತೇನೆ ಎಂದರೆ, ಸೇರಿಸಲು ಬಿಡಬೇಕೆ? ಇದು ವಕೀಲರ ಕಸುಬಿನ ಪ್ರಶ್ನೆ ಎಂದು ಪುಟ ತಿರುಗಿಸಬೇಡಿ. ತಡವಾಗಿ ಬಂದ ಮಾತನ್ನು ನಾವು ಏನೆಂದು ತಿಳಿಯುತ್ತೇವೆ ಎಂಬ ಪ್ರಶ್ನೆ ಇದರೊಳಗಿದೆ. ತಡವಾಗಿದ್ದಕ್ಕೇ ಅದು ಸುಳ್ಳೇ? ಅಥವಾ ಕೆಲವು ನಿಜಗಳು ತಡವಾಗಿ ಅಲ್ಲದೆ ಬರುವುದೇ ಇಲ್ಲವೇ?

ಪಾಲಿಬೆಟ್ಟದಂಥ ಊರಿನಲ್ಲಿ ಈ ಪ್ರಶ್ನೆಗೆ ವಾಸನೆ, ತೂಕ ಎಲ್ಲವೂ ಇವೆ. ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪಗಳ ನಡುವಿನ ಈ ಊರು 2024ರಲ್ಲಿ ವಿಲೀನವಾಗುವ ತನಕ ಟಾಟಾ ಕಾಫಿ ಕಂಪೆನಿಯ ನೋಂದಾಯಿತ ಕಚೇರಿ ಇದ್ದ ಜಾಗ. ಆದರೆ ಕೊಡಗಿನ ಕಾಫಿ, ಮೆಣಸಿನ ವ್ಯಾಪಾರದ ದೊಡ್ಡ ಪಾಲು ನಡೆಯುವುದು ಕಂಪೆನಿಯ ಮೇಜಿನ ಮೇಲಲ್ಲ, ಸಣ್ಣ ಗೋದಾಮುಗಳ ತಕ್ಕಡಿಯ ಪಕ್ಕದಲ್ಲಿ. ಒಂದು ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಿ ಕಂತಿನ ಹಣಕ್ಕೆ ಕಾದು ಕೂರಬೇಕಾಗಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಆ ಕಟ್ಟು ಸಡಿಲವಾಗುತ್ತ ಬಂದು 1996ರ ಹೊತ್ತಿಗೆ ಪೂರ್ತಿ ಬಿಚ್ಚಿತು. ಆಮೇಲೆ ಮಾರುವವನೂ ಕೊಳ್ಳುವವನೂ ಎದುರುಬದುರಾದರು, ನಡುವೆ ಉಳಿದದ್ದು ಮಾತು. ‘ಓಟಿ ಇಪ್ಪತ್ತೇಳು ಬರುತ್ತದೆ’ ಎಂದರೆ ಐವತ್ತು ಕಿಲೋ ಚೆರ್ರಿಯ ಸಿಪ್ಪೆ ತೆಗೆದಾಗ ಇಪ್ಪತ್ತೇಳು ಕಿಲೋ ಬೀಜ ಸಿಗುತ್ತದೆ ಎಂದು. ‘ಚೆನ್ನಾಗಿ ಒಣಗಿದೆ’ ಎಂದರೆ ತೇವಾಂಶ ಶೇಕಡಾ ಹತ್ತು ಹನ್ನೊಂದರ ಆಸುಪಾಸು. ಮೆಣಸಾದರೆ ಲೀಟರ್ ತೂಕ ಎಷ್ಟು, ಜೊಳ್ಳು ಎಷ್ಟು. ಇವೆಲ್ಲ ಅಳೆಯಬಹುದಾದ ಮಾತುಗಳು. ಅಳೆಯಲಾಗದ ಮಾತು ಒಂದಿದೆ: ‘ಇದು ನಮ್ಮ ಕೊಡಗಿನದೇ.’

2017ರಲ್ಲಿ ಗೋಣಿಕೊಪ್ಪದ ಎಪಿಎಂಸಿಯ ಸುತ್ತ ಎದ್ದ ಗಲಾಟೆ ಈ ಒಂದು ಮಾತಿನದೇ ಆಗಿತ್ತು. ವಿಯೆಟ್ನಾಮಿನ ಅಗ್ಗದ ಮೆಣಸನ್ನು ತರಿಸಿ ಕೊಡಗಿನ ಮೆಣಸಿಗೆ ಬೆರೆಸುತ್ತಿದ್ದಾರೆ ಎಂದು ಬೆಳೆಗಾರರು ಬೀದಿಗೆ ಬಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ದರ ಗೊತ್ತುಮಾಡಿತು. ಯಾರ ಮೇಲಿನ ಆಪಾದನೆ ಎಷ್ಟು ನಿಜ ಎಂಬುದನ್ನು ಇಲ್ಲಿ ತೂಗುತ್ತಿಲ್ಲ. ಕಪ್ಪು ಕಾಳೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ ಅದು ಯಾವ ದೇಶದ ಬಳ್ಳಿಯದೆಂದು ಕಾಣುವುದಿಲ್ಲ ಎಂಬಷ್ಟು ಮಾತ್ರ ನಮಗೆ ಸಾಕು.

ಕತೆ ಬರೆಯುವವನಿಗೆ ಇರುವ ಸಲಿಗೆಯಲ್ಲಿ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳುತ್ತೇನೆ. ಪಾಲಿಬೆಟ್ಟದ ಸಣ್ಣ ಅಂಗಡಿಯವನು. ದೊಡ್ಡ ವ್ಯಾಪಾರಿಯೊಬ್ಬನಿಂದ ನಲವತ್ತು ಚೀಲ ಮೆಣಸು ಕೊಂಡ. ‘ಸುತ್ತಲ ತೋಟಗಳದ್ದೇ’ ಎಂದು ಆತ ಹೇಳಿದ್ದ. ಬಿಚ್ಚಿ ನೋಡಿದರೆ ಲೀಟರ್ ತೂಕ ಕಡಿಮೆ, ತೇವ ಹೆಚ್ಚು. ಇವನು ವಕೀಲರ ಬಳಿ ಹೋದ. ಹೇಳಿದ ಗುಣಮಟ್ಟ ಇಲ್ಲ, ದರದ ವ್ಯತ್ಯಾಸ ಕೊಡಿಸಿ ಎಂದು ದಾವೆ ಹೂಡಿದ. ಎರಡು ವರ್ಷ ಕಳೆಯಿತು, ಸಾಕ್ಷಿ ವಿಚಾರಣೆ ಶುರುವಾಯಿತು. ಪಾಟೀಸವಾಲಿನ ದಿನ ಎದುರಾಳಿಯ ಲೆಕ್ಕದ ಪುಸ್ತಕ ಕೋರ್ಟಿಗೆ ಬಂತು. ಅದರಲ್ಲಿ ಬಂದರಿನ ಹೆಸರು, ಹಡಗಿನ ಹೆಸರು. ಆ ನಲವತ್ತು ಚೀಲ ಕೊಡಗಿನ ಮಣ್ಣನ್ನೇ ಕಂಡಿರಲಿಲ್ಲ. ಇವನು ಈಗ ತೂಕ ತೇವದ ಮಾತು ಬಿಟ್ಟು, ಎಲ್ಲಿಯದೆಂದು ಸುಳ್ಳು ಹೇಳಿ ನನ್ನ ಒಪ್ಪಿಗೆ ಪಡೆದ, ಈ ಒಪ್ಪಂದವೇ ನನಗೆ ಬೇಡ ಎನ್ನಬೇಕು. ಬಿಡುತ್ತೀರಾ?

ಕಾನೂನು ಇಲ್ಲಿ ಎರಡು ಬಾಯಲ್ಲಿ ಮಾತಾಡುತ್ತದೆ. 1872ರ ಕರಾರು ಕಾಯಿದೆ ಗೊತ್ತಿದ್ದೂ ಹೇಳಿದ ಸುಳ್ಳನ್ನು 17ನೇ ಕಲಮಿನಲ್ಲಿ ಕಪಟ ಎಂದು ಕರೆಯುತ್ತದೆ. ನಿಜವೆಂದು ತಾನೂ ನಂಬಿ, ಆಧಾರವಿಲ್ಲದೆ ಖಚಿತವಾಗಿ ಹೇಳಿದ್ದು 18ನೇ ಕಲಮಿನ ತಪ್ಪು ನಿರೂಪಣೆ. ಎರಡರಲ್ಲೂ ಮೋಸಹೋದವನು ಒಪ್ಪಂದವನ್ನು ತಳ್ಳಿಹಾಕಬಹುದು. ಇನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರನೇ ಆದೇಶದ ನಾಲ್ಕನೇ ನಿಯಮ ಹೇಳುವುದೇನೆಂದರೆ, ಕಪಟವನ್ನೋ ತಪ್ಪು ನಿರೂಪಣೆಯನ್ನೋ ಆಪಾದಿಸುವವನು ವಿವರಗಳನ್ನು ದಿನಾಂಕ ಸಮೇತ ವಾದಪತ್ರದಲ್ಲೇ ಬರೆಯಬೇಕು. ಸುಮ್ಮನೆ ‘ಮೋಸ’ ಎಂದರೆ ಸಾಲದು. ನ್ಯಾಯವಾದ ನಿಯಮ. ಆದರೆ ಯೋಚಿಸಿ: ಮೋಸದ ವಿವರ ಯಾರ ಬಳಿ ಇರುತ್ತದೆ? ಮೋಸ ಮಾಡಿದವನ ಬಳಿ. ಅವನ ಕಸುಬು ಎಷ್ಟು ಚೆನ್ನಾಗಿದೆಯೋ ಇವನ ವಾದಪತ್ರ ಅಷ್ಟು ಬಡವಾಗಿರುತ್ತದೆ. 1963ರ ಕಾಲಮಿತಿ ಕಾಯಿದೆ ಇದನ್ನು ಅರ್ಥಮಾಡಿಕೊಂಡಿದೆ. ಕಪಟದ ಮೇಲಿನ ದಾವೆಗೆ ಗಡಿಯಾರ ಓಡಲು ಶುರುವಾಗುವುದು ಕಪಟ ನಡೆದ ದಿನದಿಂದಲ್ಲ, ಅದು ತಿಳಿದ ದಿನದಿಂದ, ಅಥವಾ ತಕ್ಕ ಎಚ್ಚರವಿದ್ದರೆ ತಿಳಿಯಬಹುದಾಗಿದ್ದ ದಿನದಿಂದ.

ಅದೇ ಆರನೇ ಆದೇಶದ ಹದಿನೇಳನೇ ನಿಯಮ ವಾದಪತ್ರದ ತಿದ್ದುಪಡಿಯದು. ‘ಯಾವುದೇ ಹಂತದಲ್ಲಿ’ ತಿದ್ದಬಹುದು ಎಂದಿತ್ತು. ದಾವೆಗಳು ಎಳೆದಾಡುವುದಕ್ಕೆ ಇದೇ ಕಾರಣವೆಂದು 1999ರ ಕಾಯಿದೆ ಆ ನಿಯಮವನ್ನೇ ಕಿತ್ತುಹಾಕಲು ಹೊರಟಿತು. ವಕೀಲರು ಚಳವಳಿ ಹೂಡಿದರು. 2002ರ ಜುಲೈ 1ರಿಂದ ನಿಯಮ ಉಳಿಯಿತು, ಬಾಲಕ್ಕೆ ಒಂದು ಷರತ್ತು ಸೇರಿತು: ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಇಲ್ಲ, ತಕ್ಕ ಎಚ್ಚರಿಕೆ ವಹಿಸಿದ್ದರೂ ಅದಕ್ಕೂ ಮೊದಲು ಹೇಳಲು ಸಾಧ್ಯವಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆಯಾದರೆ ಮಾತ್ರ ಉಂಟು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಇನ್ನಷ್ಟು ಅವಸರದ್ದು. ಮೊದಲು ಒಂದು ಕೋಟಿ ಮೇಲ್ಪಟ್ಟ ವ್ಯವಹಾರಗಳಿಗಿದ್ದ ಅದು 2018ರಲ್ಲಿ ಮೂರು ಲಕ್ಷಕ್ಕೆ ಇಳಿಯಿತು. ಹಾಗಾಗಿ ನಮ್ಮ ನಲವತ್ತು ಚೀಲದ ವ್ಯಾಪಾರಿಯೂ ಈಗ ಕಾನೂನಿನ ಕಣ್ಣಿಗೆ ದೊಡ್ಡ ಉದ್ಯಮಿಯೇ. ಮೊದಲ ದಿನವೇ ಎಲ್ಲ ಕಾಗದ ಹಿಡಿದು ಬಾ ಎಂದು ಅವನಿಗೆ ಹೇಳಲಾಗುತ್ತದೆ.

ತಿದ್ದುಪಡಿಯ ಬಗ್ಗೆ ನಮ್ಮ ಕೋರ್ಟುಗಳು ಇಂದಿಗೂ ನೆನೆಯುವ ಹಳೆಯ ತೀರ್ಪೊಂದು ಬಟ್ಟೆ ವ್ಯಾಪಾರದ್ದು. 1909ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಬಂದ ಕಿಸನ್‌ದಾಸ್ ರೂಪಚಂದ್ ಮತ್ತು ರಾಚಪ್ಪ ವಿಠೋಬ ಅವರ ವ್ಯಾಜ್ಯ. ರಾಚಪ್ಪ ಎಂಬ ಹೆಸರು ಕೇಳಿದರೇ ಕಿವಿ ಕನ್ನಡದ ಕಡೆ ತಿರುಗುತ್ತದೆ. ಪಾಲುದಾರಿಕೆಯ ಮಾತಿನಂತೆ 4,001 ರೂಪಾಯಿಯ ಬಟ್ಟೆ ಕೊಟ್ಟೆವು, ಪಾಲುದಾರಿಕೆ ಮುರಿದು ಲೆಕ್ಕ ಕೊಡಿಸಿ ಎಂದು ಒಂದು ಕಡೆಯವರು ಕೇಳಿದ್ದರು. ಕೆಳಗಿನ ಕೋರ್ಟು ಬಟ್ಟೆ ಕೊಟ್ಟದ್ದು ನಿಜ, ಪಾಲುದಾರಿಕೆ ಮಾತ್ರ ಹುಟ್ಟಲೇ ಇಲ್ಲ ಎಂದಿತು. ಮೇಲ್ಮನವಿಯಲ್ಲಿ ಅವರು ಪಾಲುದಾರಿಕೆಯ ಮಾತು ಕೈಬಿಟ್ಟು, ಹಾಗಾದರೆ ಬಟ್ಟೆಯ ಬೆಲೆಯನ್ನಾದರೂ ಕೊಡಿಸಿ ಎಂದು ತಿದ್ದಿದರು. ಅಷ್ಟರಲ್ಲಿ ಬೆಲೆ ಕೇಳುವ ಕಾಲಮಿತಿ ದಾಟಿತ್ತು. ಆದರೂ ತಿದ್ದುಪಡಿ ನಿಂತಿತು. ಇದು ಹೊಸ ಹಕ್ಕಲ್ಲ ಎಂಬುದು ಕಾರಣ. ಬಟ್ಟೆ ಅದೇ, ಕೊಟ್ಟವನು ಅದೇ, ಪಡೆದವನು ಅದೇ, ಬದಲಾದದ್ದು ಹೆಸರು. ನಿಜವಾದ ವಿವಾದ ತೀರ್ಮಾನವಾಗಲು ಬೇಕಾಗಿರಬೇಕು, ಎದುರಾಳಿಗೆ ಅನ್ಯಾಯವಾಗಬಾರದು, ಇವೆರಡಿದ್ದರೆ ತಿದ್ದಲು ಬಿಡಿ ಎಂಬ ಆ ತೀರ್ಪಿನ ಮಾತನ್ನು 1957ರಲ್ಲಿ ಸುಪ್ರೀಂ ಕೋರ್ಟು ಪಿರಗೊಂಡ ಪಾಟೀಲರ ಮೊಕದ್ದಮೆಯಲ್ಲಿ ತನ್ನದಾಗಿಸಿಕೊಂಡಿತು.

ಇಷ್ಟು ಓದಿದವರಿಗೆ ನಾನು ತಡವಾದವನ ವಕಾಲತ್ತು ವಹಿಸಿದ್ದೇನೆ ಎನ್ನಿಸಬಹುದು. ಸ್ವಲ್ಪ ಎದುರು ಬೆಂಚಿಗೂ ಹೋಗಿ ಕೂರೋಣ. ನಾವು ಕತೆಗಾರರು ಗುಟ್ಟನ್ನು ಕೊನೆಯ ಪುಟದ ತನಕ ಬಚ್ಚಿಟ್ಟು ಮೆಚ್ಚುಗೆ ಗಿಟ್ಟಿಸುತ್ತೇವೆ. ಬದುಕಿರುವ ಮನುಷ್ಯನೊಬ್ಬನ ಮೇಲೆ ಇದೇ ಕೌಶಲ ಪ್ರಯೋಗಿಸಿದರೆ ಅದು ಹೊಂಚು. ಪ್ರತಿವಾದಿ ತೂಕ ತೇವದ ಆರೋಪಕ್ಕೆ ಕೈಫಿಯತ್ತು ಬರೆದಿದ್ದಾನೆ, ಸಾಕ್ಷಿಗಳನ್ನು ಆರಿಸಿದ್ದಾನೆ, ಉಳಿದ ಮೆಣಸನ್ನು ಮಾರಿ ಮುಗಿಸಿದ್ದಾನೆ. ಮೂಲದ ಪ್ರಶ್ನೆ ಎರಡು ವರ್ಷದ ಹಿಂದೆ ಬಂದಿದ್ದರೆ ಒಂದು ಹಿಡಿ ಮಾದರಿ ತೆಗೆದಿಡುತ್ತಿದ್ದನೇನೋ. ಲಾರಿಯ ಚಾಲಕನ ನೆನಪು ಆಗ ಹಸಿಯಾಗಿತ್ತು. ಅಷ್ಟೇ ಅಲ್ಲ, ಸೋಲು ಹತ್ತಿರ ಬಂದಾಗ ಹೊಳೆಯುವ ‘ಮೋಸ’ವೂ ಲೋಕದಲ್ಲಿದೆ. ಮೊದಲ ದಾರಿ ಮುಚ್ಚಿತೆಂದು ಕಂಡವನು ಎರಡನೆಯದನ್ನು ಅಗೆಯುತ್ತಾನೆ. ಅಂಥವನ ತಿದ್ದುಪಡಿ ಅರ್ಜಿಯೇ ಒಂದು ತಪ್ಪು ನಿರೂಪಣೆ.

ಮೋಸದ ಆರೋಪಕ್ಕೆ ಇನ್ನೊಂದು ಗುಣವಿದೆ. ಸಾಲ ಬಾಕಿ ಇದೆ ಎಂದರೆ ಯಾರ ಮಾನವೂ ಹೋಗುವುದಿಲ್ಲ. ಮಡಿಕೇರಿಯಿಂದ ಮುಂಬಯಿ ತನಕ ಎಲ್ಲರಿಗೂ ಸಾಲವಿದೆ. ‘ಸುಳ್ಳು ಹೇಳಿ ಮಾರಿದ’ ಎಂದರೆ ಪೇಟೆಯಲ್ಲಿ ತಲೆ ತಗ್ಗುತ್ತದೆ. ಆಮೇಲೆ ಖರ್ಚು ಕಟ್ಟಿಕೊಟ್ಟರೂ ತಗ್ಗಿದ ತಲೆಗೆ ಅದು ಸಲ್ಲುವುದಿಲ್ಲ. ಇಂಗ್ಲೆಂಡಿನ ಬ್ಯಾರಿಸ್ಟರುಗಳಿಗೆ ಇದರ ಬಗ್ಗೆ ಕಟ್ಟುನಿಟ್ಟಿನ ವೃತ್ತಿನಿಯಮವಿದೆ: ಕಕ್ಷಿಗಾರನ ಸ್ಪಷ್ಟ ಸೂಚನೆ, ಜೊತೆಗೆ ನಂಬಬಹುದಾದ ಸಾಮಗ್ರಿ ಕೈಯಲ್ಲಿಲ್ಲದೆ ಕಪಟದ ಆರೋಪ ಬರೆಯಕೂಡದು. ನಮ್ಮಲ್ಲಿ ಹೊಸ ಷರತ್ತು ಜಾರಿಗೆ ಬಂದ 2002ರಲ್ಲೇ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಮುಂದೆ ಮೆಡ್ಕಾಫ್ ಮತ್ತು ಮಾರ್ಡೆಲ್ ಪ್ರಕರಣ ಬಂತು. ಮೇಲ್ಮನವಿಯ ಹಂತದಲ್ಲಿ ತಿದ್ದಿದ ಪತ್ರದಲ್ಲಿ ಎದುರಾಳಿಯ ಮೇಲೆ ಕಪಟವನ್ನೂ ಬೇರೆ ಅಕ್ರಮಗಳನ್ನೂ ಹೊರಿಸಿದ ಬ್ಯಾರಿಸ್ಟರುಗಳಿಂದಲೇ ದಂಡವೆಚ್ಚ ವಸೂಲಿಗೆ ಆದೇಶವಾಗಿತ್ತು. ಲಾರ್ಡ್ಸ್ ಅದನ್ನು ರದ್ದುಮಾಡಿತು. ಕಕ್ಷಿಗಾರ ಗುಟ್ಟಾಗಿ ಹೇಳಿದ್ದನ್ನು ಬಾಯಿಬಿಡಲಾಗದ ವಕೀಲ ತನ್ನನ್ನು ಸಮರ್ಥಿಸಿಕೊಳ್ಳುವುದಾದರೂ ಹೇಗೆ ಎಂಬುದು ಅದರ ಕಾರಣ.

ಈ ನಿಯಮದ ಹಿಂದಿನ ಬದಿಯನ್ನು ನಾವು ನೋಡುವುದು ಕಡಿಮೆ. ಆಧಾರ ಸಿಗುವ ತನಕ ಮೋಸ ಎನ್ನಬೇಡ ಎಂದು ಸಭ್ಯನಿಗೆ ಹೇಳಿಕೊಟ್ಟಿದ್ದೇವೆ. ಅವನು ಬಾಯಿ ಕಟ್ಟಿಕೊಂಡು ಕಾಯುತ್ತಾನೆ. ಆಧಾರ ಸಿಕ್ಕ ದಿನ ಬಂದು ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತೇವೆ. ಸಂಶಯ ಬಂದ ಗಳಿಗೆಯಲ್ಲೇ ‘ಮೋಸಗಾರ’ ಎಂದು ವಾದಪತ್ರದ ತುಂಬ ಮಸಿ ಚೆಲ್ಲಿದವನಿಗೆ ಈ ತೊಂದರೆ ಇಲ್ಲ. ತಡವನ್ನಷ್ಟೇ ಅಳೆದರೆ ನಾವು ಬಾಯಿಬಡುಕನಿಗೆ ಬಹುಮಾನ ಕೊಟ್ಟಂತೆ.

ಸರಿಯಾದ ಹೆಸರನ್ನು ಹೇಳದವರ ಗತಿ ಏನಾಗುತ್ತದೆ ಎನ್ನಲು 1976ರ ಅಫ್ಸರ್ ಶೇಖ್ ಮತ್ತು ಸೋಲೆಮಾನ್ ಬೀಬಿ ಪ್ರಕರಣ ಇದೆ. ವಯಸ್ಸಾದ, ಅಕ್ಷರ ಬಾರದ ಮುದುಕನೊಬ್ಬ ತನ್ನಿಂದ ಹಿಬಾ-ಬಿಲ್-ಎವಜ್ ಪತ್ರ ಬರೆಸಿಕೊಂಡದ್ದು ಕಪಟದಿಂದ, ತಪ್ಪು ನಿರೂಪಣೆಯಿಂದ ಎಂದು ದಾವೆ ಹೂಡಿದ್ದ. ಕಲ್ಕತ್ತಾ ಹೈಕೋರ್ಟು ಅವನ ಸ್ಥಿತಿಯನ್ನು ಕಂಡು, ಇದು ಅನುಚಿತ ಪ್ರಭಾವ ಎಂದು ಪರಿಹಾರ ಕೊಟ್ಟಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅನುಚಿತ ಪ್ರಭಾವ, ಕಪಟ, ತಪ್ಪು ನಿರೂಪಣೆ ಇವು ಒಂದರ ನೆರಳು ಒಂದರ ಮೇಲೆ ಬಿದ್ದರೂ ಬೇರೆ ಬೇರೆ. ವಾದಪತ್ರದಲ್ಲಿ ಇಲ್ಲದ್ದನ್ನು ಕೋರ್ಟು ತಾನಾಗಿ ತುಂಬಕೂಡದು ಎಂದಿತು. ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ಅಕ್ಷರ ಬಾರದವನ ವಾದಪತ್ರದ ಪದಗಳನ್ನು ಆರಿಸಿದವರು ಯಾರು? ‘ಓದಿ ಹೇಳಲಾಗಿದೆ, ಸರಿಯಿದೆ’ ಎಂಬ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತುವವನಿಗೆ ತನಗಾದ ನೋವು ಗೊತ್ತಿರುತ್ತದೆ, ಅದರ ಕಾನೂನಿನ ಹೆಸರು ಗೊತ್ತಿರುವುದಿಲ್ಲ. ಹೆಸರು ತಪ್ಪಿದ್ದನ್ನು ತಿದ್ದುವುದು ಅಕ್ಷರ ತಿದ್ದಿದ ಹಾಗೆ. ಅಷ್ಟಕ್ಕೂ ತಡವಾಯಿತೆನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಕಷ್ಟ ಇರುವುದು ಸಂಗತಿಯೇ ಹೊಸದಾದಾಗ. 2009ರಲ್ಲಿ ಕರ್ನಾಟಕದಿಂದಲೇ ಹೋದ ರೇವಜೀತು ಬಿಲ್ಡರ್ಸ್ ಮತ್ತು ನಾರಾಯಣಸ್ವಾಮಿ ಅಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಗೆ ಅನುಮತಿ ನಿರಾಕರಿಸಿತು. ದಾವೆಯ ಮೂಲ ಸ್ವರೂಪವೇ ಬದಲಾಗುತ್ತದೆ ಎಂಬುದು ಅದರ ಆಕ್ಷೇಪ. ಅರ್ಜಿಯ ಹಿಂದೆ ಸದುದ್ದೇಶ ಇದೆಯೇ, ಎದುರಾಳಿಗಾಗುವ ತೊಂದರೆ ಹಣದಿಂದ ತುಂಬಿಕೊಡುವಂಥದ್ದೇ, ಬಿಡದಿದ್ದರೆ ಅನ್ಯಾಯವಾಗುತ್ತದೆಯೇ ಎಂದೆಲ್ಲ ನೋಡಬೇಕೆಂದೂ ಹೇಳಿತು. ಎದುರಾಳಿಗೆ ಕೊಡಿಸುವ ಖರ್ಚಿನ ಬಗ್ಗೆಯೂ ಅಲ್ಲಿ ವಿಸ್ತಾರವಾದ ಮಾತಿದೆ. ಖರ್ಚು ಹೊರಿಸುವುದು ಎದುರಾಳಿಯ ವಿಳಂಬಕ್ಕೆ ಪರಿಹಾರ ಮಾತ್ರವಲ್ಲ, ವಾದಪತ್ರ ಬರೆಯುವಾಗಲೇ ಎಚ್ಚರವಿರಲಿ ಎಂಬ ಪಾಠ ಕೂಡ. ಇನ್ನೊಂದು ತುದಿಯಲ್ಲಿ 2022ರ ಜೀವ ವಿಮಾ ನಿಗಮ ಮತ್ತು ಸಂಜೀವ್ ಬಿಲ್ಡರ್ಸ್ ಪ್ರಕರಣ. 1986ರ ದಾವೆಯಲ್ಲಿ 2017ರಲ್ಲಿ ಕೇಳಿದ ತಿದ್ದುಪಡಿ! ಬರೀ ವಿಳಂಬವೆಂಬ ಕಾರಣಕ್ಕೆ ತಳ್ಳುವಂತಿಲ್ಲ ಎಂದಿತು ಕೋರ್ಟು. ಮೂವತ್ತೊಂದು ವರ್ಷ ಎಂದರೆ ಕೊಡಗಿನವರು ಬೆಚ್ಚುವುದಿಲ್ಲ. 1834ರಲ್ಲಿ ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ಕಂಪೆನಿಯಿಂದ ಬರಬೇಕಾದ ಹಣಕ್ಕೆ ಅಲ್ಲಿನ ಚಾನ್ಸರಿ ಕೋರ್ಟಿನ ಮೆಟ್ಟಿಲು ಹತ್ತಿದ. 1859ರಲ್ಲಿ ತೀರಿಕೊಂಡ, ತೀರ್ಪು ಬಂದದ್ದು ಮರುವರ್ಷ, ಅದೂ ವಿರುದ್ಧವಾಗಿ.

ತಡವಾಗಿ ತಿಳಿಯುವ ಮೋಸದ ಬಗ್ಗೆ ನನಗೆ ತಿಳಿದ ಅತ್ಯಂತ ಸ್ಪಷ್ಟವಾದ ಮಾತು ಹದೀಸಿನಲ್ಲಿದೆ, ಮೇಕೆ ಒಂಟೆಗಳ ಸಂತೆಯಿಂದ ಬಂದದ್ದು. ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ತುಂಬಿ ಬಿಗಿಯುತ್ತದೆ. ಮಾರುವವನು ಒಂದು ಸುಳ್ಳೂ ಹೇಳಬೇಕಿಲ್ಲ, ಕೆಚ್ಚಲೇ ಹೇಳುತ್ತದೆ. ಇಂಥದ್ದನ್ನು ಕೊಂಡವನಿಗೆ ಮೂರು ದಿನದ ಅವಕಾಶ: ಇಷ್ಟವಿದ್ದರೆ ಇಟ್ಟುಕೊಳ್ಳಲಿ, ಬೇಡವಾದರೆ ಒಂದು ಸಾಅ್ ಖರ್ಜೂರದ ಜೊತೆ ಹಿಂದಿರುಗಿಸಲಿ. ಮೂರು ದಿನ ಏಕೆಂದು ಹಾಲು ಕರೆದವರಿಗೆ ಗೊತ್ತು. ಮೊದಲ ದಿನದ ಹಾಲೂ ಸುಳ್ಳೇ ಹೇಳುತ್ತದೆ. ನಿಜ ಹೊರಬರುವುದು ಎರಡನೆಯ, ಮೂರನೆಯ ಕರಾವಿನಲ್ಲಿ. ಖರ್ಜೂರ ಆ ಹಾಲಿನ ಬಾಬ್ತು. ಮೋಸಹೋದವನೂ ಎದುರಾಳಿಯದನ್ನು ಪುಕ್ಕಟೆ ಇಟ್ಟುಕೊಳ್ಳುವಂತಿಲ್ಲ. ಹನಫಿ ಪಂಡಿತರು ಈ ವಿಧಿಯನ್ನು ಇದ್ದಹಾಗೆ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು, ಶಾಫಿಗಳು ಒಪ್ಪಿದರು. ಕೊಡಗಿನಲ್ಲಿ ಎರಡೂ ಪಂಥದವರು ಮೆಣಸು ಮಾರುತ್ತಾರೆ. ಆದರೆ ಅಡಗಿದ ದೋಷಕ್ಕಾಗಿ ಮಾಲು ಹಿಂದಿರುಗಿಸುವ ಹಕ್ಕಿನ ವಿಷಯದಲ್ಲಿ ಹನಫಿಗಳದ್ದೂ ಒಂದು ಖಡಕ್ಕಾದ ಮಾತಿದೆ, ಉಸ್ಮಾನಿ ತುರ್ಕರ ಮಜಲ್ಲಾ ಸಂಹಿತೆಗೂ ಅದು ಸೇರಿತು: ದೋಷ ತಿಳಿದ ಮೇಲೆ ಕೊಂಡವನು ಅದನ್ನು ತನ್ನದೆಂಬಂತೆ ಮಾರಾಟಕ್ಕಿಟ್ಟರೆ ಹಿಂದಿರುಗಿಸುವ ಹಕ್ಕು ಹೋಯಿತು.

ನನಗೆ ಒಪ್ಪಿಗೆಯಾಗುವ ಅಳತೆಗೋಲು ಇಲ್ಲಿದೆ. ಮೊದಲ ದಿನ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಅರ್ಧ ಮಾತ್ರ. ಯಾವ ದಿನ ತಿಳಿಯಿತು, ಅದಕ್ಕೆ ಮೊದಲು ತಿಳಿಯಲು ಸಾಧ್ಯವಿತ್ತೇ, ತಿಳಿದ ಮರುದಿನ ಏನು ಮಾಡಿದೆ? 2002ರ ಷರತ್ತು ಮೊದಲ ಎರಡನ್ನು ಕೇಳುತ್ತದೆ, ಮೂರನೆಯದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಮನುಷ್ಯನ ಸಾಚಾತನ ಕಾಣುವುದು ಮೂರನೆಯದರಲ್ಲಿ.

ನಲವತ್ತು ಚೀಲದವನನ್ನು ಮತ್ತೆ ಕರೆದು ನಿಲ್ಲಿಸಿ ನೋಡಿ. ತಿಳಿದದ್ದು ಎಂದು? ಲೆಕ್ಕದ ಪುಸ್ತಕ ಕೋರ್ಟಿಗೆ ಬಂದ ದಿನ. ಮೊದಲೇ ತಿಳಿಯಬಹುದಿತ್ತೇ? ಕಪ್ಪು ಕಾಳಿಗೆ ಪಾಸ್‌ಪೋರ್ಟ್ ಇಲ್ಲ, ಇಲ್ಲ ಎನ್ನೋಣ. ಹೊಸ ಸಂಗತಿಗೆ ಜವಾಬು ಬರೆಯಲು ಎದುರಾಳಿಗೆ ಪೂರ್ತಿ ಅವಕಾಶ ಕೊಟ್ಟು, ಎರಡು ವರ್ಷದ ಅವನ ಖರ್ಚನ್ನು ಇವನಿಂದ ಖರ್ಜೂರದ ಬದಲು ರೂಪಾಯಿಯಲ್ಲಿ ಕಟ್ಟಿಸಿ, ತಿದ್ದಲು ಬಿಡಬೇಕು ಎಂದೇ ನನ್ನ ಮನಸ್ಸು. ಆದರೆ ನಲವತ್ತರಲ್ಲಿ ಇಪ್ಪತ್ತೆಂಟು ಚೀಲ ಆಗಲೇ ಖರ್ಚಾಗಿ, ಹನ್ನೆರಡು ಗೋದಾಮಿನಲ್ಲಿ ಉಳಿದಿದ್ದವು ಎಂದುಕೊಳ್ಳಿ. ಪುಸ್ತಕದಲ್ಲಿ ಹಡಗಿನ ಹೆಸರು ಓದಿದ ಮಾರನೆಯ ವಾರ, ತಿದ್ದುಪಡಿ ಅರ್ಜಿಗೆ ಸಹಿ ಹಾಕಿದ ಕೈಯಿಂದಲೇ, ಆ ಹನ್ನೆರಡು ಚೀಲವನ್ನು ಮೈಸೂರಿನ ಅಂಗಡಿಯವನೊಬ್ಬನಿಗೆ ‘ಕೊಡಗಿನದೇ’ ಎಂದು ಕ್ವಿಂಟಲ್ ದರಕ್ಕೆ ಕಳಿಸಿಕೊಟ್ಟಿದ್ದರೆ? ಅರ್ಜಿಯಲ್ಲಿ ಬರೆದದ್ದು ಆಗಲೂ ನಿಜವೇ. ಮೈಸೂರಿನವನು ಇನ್ನೂ ಚೀಲ ಬಿಚ್ಚಿಲ್ಲ.